ಕೆಲಸ ಕೊಡಿಸುವ ಆಫೀಸಿನಲ್ಲಿ ನನ್ನ ಕೆಲಸ

ನಮ್ಮ ಸರ್‌ಗೆ ಒಂದು ಅಭ್ಯಾಸ. ಕೆಲಸ ಕೇಳಿಕೊಂಡು ಬಂದವರನ್ನು "ಬರ್ರಿ, ಕುಂದ್ರಿ" ಎಂದು ಕೂರಿಸಿ, ತಾವು ಎದ್ದು ಬಾಗಿಲಿಗೆ ಹೋಗಿ, ಅವರು ಹೊರಗೆ ಬಿಟ್ಟ ಚಪ್ಪಲಿಯನ್ನು ಬಗ್ಗಿ ನೋಡಿ ಬರುತ್ತಾರೆ. ಕೆಂಪು ಧೂಳು ಹತ್ತಿದ್ದರೆ ಸಂಡೂರಿನ ಗಣಿ ಕಡೆ ದುಡಿದವರು. ಹಿಮ್ಮಡಿ ಸವೆದಿದ್ದರೆ ದಿನವಿಡೀ ನಿಂತು ರೂಢಿ ಇದ್ದವರು. ಹೊಚ್ಚ ಹೊಸ ಬೂಟು ಕಂಡರೆ ನನ್ನ ಟೇಬಲ್ ಹತ್ತಿರ ಬಂದು ಮೆಲ್ಲಗೆ, "ಇಂವ ಹದಿನೈದು ದಿನ ನಿಲ್ಲಂಗಿಲ್ಲ ನೋಡವಾ" ಅನ್ನುತ್ತಾರೆ. ಬಯೋಡೇಟಾ ಓದುವುದು ಆಮೇಲೆ.

ಹೊಸಪೇಟೆಯಲ್ಲಿ ಒಂದು ಮೆಡಿಕಲ್ ಶಾಪ್ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಎರಡು ಟೇಬಲ್, ಒಂದು ಸ್ಟೀಲ್ ಬೀರು, ಸರ್ ಮತ್ತು ನಾನು. ಸಂಡೂರಿನ ಗಣಿಗಳಿಗೆ, ಕಂಪ್ಲಿಯ ಅಕ್ಕಿ ಮಿಲ್ಲುಗಳಿಗೆ, ಹಂಪಿ ಕಡೆಯ ಗೆಸ್ಟ್ ಹೌಸುಗಳಿಗೆ ಜನರನ್ನು ಹುಡುಕಿ ಕೊಡುವುದು ನಮ್ಮ ಉದ್ಯೋಗ. ಇಂಥ ಕಡೆ ವಾರಕ್ಕೊಂದಾದರೂ ನಗುವಂಥದ್ದು ನಡೆದೇ ನಡೆಯುತ್ತದೆ. ನನ್ನ ಕಷ್ಟವೇನೆಂದರೆ, ನಡೆಯುವಾಗ ನನಗೆ ಬರುವುದು ಭಯ. ನಗು ಬರುವುದು ಮನೆಗೆ ಹೋಗಿ ಕೈಕಾಲು ತೊಳೆದ ಮೇಲೆ. ಈ ವರ್ಷವಂತೂ ಊರಿನವರಿಗೆಲ್ಲ ಕೆಲಸ ಕೊಡಿಸುತ್ತ ಕೂತ ನನ್ನ ಕೆಲಸವೇ ಉಳಿಯುತ್ತದೋ ಇಲ್ಲವೋ ಅನ್ನುವ ಹಾಗಾಯಿತು. ಹಾಗಾಗಿ ನಗು ಇನ್ನೂ ತಡ.

ಸೆಲೆಕ್ಟ್ ಆದವರು

ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಕಂಪನಿಗಳಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆಯಲಿಕ್ಕೆ ಅಂತ ಸರ್ ನನ್ನನ್ನು ಸೇರಿಸಿಕೊಂಡಿದ್ದರು. ಫೋನ್ ಮಾಡುವ ಕೆಲಸವೂ ಇದೆ ಅಂತ ಮೊದಲೇ ಹೇಳಿದ್ದರೆ ನಾನು ಆ ಮೆಟ್ಟಿಲು ಹತ್ತುತ್ತಿರಲಿಲ್ಲ. ಗುರುತಿಲ್ಲದವರಿಗೆ ಫೋನ್ ಮಾಡುವುದೆಂದರೆ ನನಗೆ ಮೊದಲಿನಿಂದಲೂ ಹೆದರಿಕೆ. ಮೊದಲ ದಿನ ಕೇಳಬೇಕಾದ ಎಂಟು ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆದುಕೊಂಡು, ನೀರು ಕುಡಿದು, ಪಾಪಿನಾಯಕನಹಳ್ಳಿಯ ಒಬ್ಬ ಎಲೆಕ್ಟ್ರಿಷಿಯನ್‌ಗೆ ಫೋನ್ ಹಚ್ಚಿದೆ. ಎತ್ತಿದ್ದು ಅವನ ತಾಯಿ.

"ನಮಸ್ಕಾರ, ನಿಮ್ಮ ಮಗ ಇದ್ದಾರಾ?" ಅಂದೆ.

"ಹೊಲಕ್ಕ ಹೋಗ್ಯಾನವಾ. ನೀ ಯಾರು?"

ಹೇಳಿದೆ.

"ಯಾರ ಮಗಳು? ಯಾವ ಓಣಿ?"

ಅದನ್ನೂ ಹೇಳಿದೆ. ದೊಡ್ಡವರು ಕೇಳಿದಾಗ ಹೇಳದೆ ಇರುವುದು ಹೇಗೆ? ಅಪ್ಪ ಏನು ಮಾಡುತ್ತಾರೆ, ಎಷ್ಟು ಜನ ಅಣ್ಣತಮ್ಮಂದಿರು, ಅಡುಗೆ ಬರುತ್ತದೋ, ಜೋಳದ ರೊಟ್ಟಿ ತಟ್ಟಲಿಕ್ಕೆ ಬರುತ್ತದೋ. ಇಪ್ಪತ್ತು ನಿಮಿಷ. ನನ್ನ ಹಾಳೆಯ ಎಂಟು ಪ್ರಶ್ನೆಗಳಲ್ಲಿ ಒಂದನ್ನೂ ಕೇಳಲಾಗಲಿಲ್ಲ. ಕೊನೆಗೆ ಆಕೆ, "ದನಿ ಭಾಳ ಮೆತ್ತಗೈತಿ. ಒಂದೀಟು ಗಟ್ಟಿ ಮಾತಾಡೋದು ಕಲಿಸಿದ್ರ ಆತು. ನಾಳೆ ಮಾಡು, ಅವರಪ್ಪನ್ನ ಕೇಳಿ ಹೇಳ್ತೀನಿ" ಎಂದು ಇಟ್ಟರು.

ಸರ್ ಪೇಪರಿನಿಂದ ತಲೆ ಎತ್ತಿ ಕೇಳಿದರು. "ಏನವಾ, ಹುಡುಗ ಸೆಲೆಕ್ಟ್ ಆದನೇನು?"

"ಇಲ್ಲ ಸರ್. ನಾನು ಆದೆ ಅನ್ನಿಸುತ್ತದೆ."

ಮೂವತ್ತೆಂಟು ಹೆಸರಿನ ಒಬ್ಬ

ಮೊದಲೆಲ್ಲ ಈ ಉದ್ಯೋಗ ಸರ್ ಅವರ ಒಂದು ಡೈರಿಯಲ್ಲಿ ನಡೆಯುತ್ತಿತ್ತು. ವೆಲ್ಡರ್ ಬೇಕು ಅಂತ ಕಂಪನಿಯವರು ಫೋನ್ ಮಾಡಿದರೆ, ಸರ್ ಚಹಾ ಕುಡಿಯಲು ಕೆಳಗೆ ಹೋದವರು ವೆಲ್ಡರನ್ನು ಕರಕೊಂಡೇ ಮೇಲೆ ಬರುತ್ತಿದ್ದರು. ಈಗ ಕಂಪನಿಯವರು "ಹುಡುಗ ಹೆಂಗದಾನ?" ಅಂತ ಕೇಳುವುದಿಲ್ಲ. "ಸ್ಕೋರ್ ಎಷ್ಟು?" ಅಂತ ಕೇಳುತ್ತಾರೆ.

ಹಾಗಾಗಿ ಈ ಬೇಸಿಗೆ ಮುಗಿಯುವ ಹೊತ್ತಿಗೆ ಒಬ್ಬ ಸೇಲ್ಸ್‌ಮನ್ ಬಂದು ನಮ್ಮ ಕಂಪ್ಯೂಟರಿಗೆ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟ. ಅದು ಬಯೋಡೇಟಾಗಳನ್ನು ತಾನೇ ಓದಿ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ. ತಾನೇ ಫೋನ್ ಮಾಡಿ, ಹೆಣ್ಣು ದನಿಯಲ್ಲಿ, ಅಚ್ಚುಕಟ್ಟಾದ ಕನ್ನಡದಲ್ಲಿ ಪ್ರಶ್ನೆ ಕೇಳುತ್ತದೆ. ಸರ್ ಅದಕ್ಕೆ 'ಮಷಿನ್' ಅಂತಲೇ ಹೆಸರಿಟ್ಟರು.

"ಇದಕ್ಕ ಫೋನ್ ಮಾಡಾಕ ಹೆದರಿಕಿ ಇಲ್ಲೇನು?" ಅಂತ ಸೇಲ್ಸ್‌ಮನ್‌ನನ್ನು ಕೇಳಿದರು.

"ಹೆದರಿಕೆ, ನಾಚಿಕೆ ಏನೂ ಇಲ್ಲ ಸರ್."

ಸರ್ ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ, ನಾನು ಅಲ್ಲೇ ಕೂತಿದ್ದೇನೆ ಅನ್ನುವುದು ಮರೆತವರಂತೆ, "ಆಯುಧಪೂಜಿ ತನಕ ಎರಡೂ ಇರ್ಲಿ. ಆಮ್ಯಾಲೆ ಒಂದು ಇಟ್ಕೊಂಡು ಒಂದು ಬಿಡೋಣು" ಅಂದರು. ಹಳೇ ಟೇಬಲ್ ಫ್ಯಾನ್ ಬಗ್ಗೆ ಮಾತಾಡಿದ ಹಾಗೆ.

ಮಷಿನ್‌ಗೆ ಕೊಟ್ಟ ಮೊದಲ ಕೆಲಸ, ಬಂದಿದ್ದ ನಲವತ್ತು ಬಯೋಡೇಟಾಗಳಿಂದ ಸಂಡೂರಿನ ಒಂದು ಗಣಿಗೆ ಫಿಟ್ಟರ್‌ಗಳನ್ನು ಆರಿಸುವುದು. ಎರಡೇ ನಿಮಿಷದಲ್ಲಿ ಉತ್ತರ ಬಂತು. ನಿಮ್ಮಲ್ಲಿ ಇರುವುದು ಮೂವರು ಅಭ್ಯರ್ಥಿಗಳು ಮಾತ್ರ. ಅವರಲ್ಲಿ ಒಬ್ಬನಿಗೆ ಮೂವತ್ತೆಂಟು ಹೆಸರುಗಳಿವೆ, ಎಚ್ಚರಿಕೆ.

ಸರ್ ಗಾಬರಿಯಾದರು. ಬಯೋಡೇಟಾಗಳನ್ನು ತೆಗೆದು ನೋಡಿದರೆ, ಆ ಮೂವತ್ತೆಂಟೂ ಬಸ್ ಸ್ಟ್ಯಾಂಡ್ ಹತ್ತಿರದ ಒಂದೇ ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಆದವು. ಹೆಸರು, ಫೋನ್ ನಂಬರ್ ಬಿಟ್ಟರೆ ಎಲ್ಲವೂ ಒಂದೇ. ಎಲ್ಲರಿಗೂ ಮದುವೆಯಾಗಿತ್ತು. ಎಲ್ಲರೂ ಬಿಡುವಿನಲ್ಲಿ ಚೆಸ್ ಆಡುತ್ತಿದ್ದರು. ಎಲ್ಲರೂ ಗಾದಿಗನೂರಿನಲ್ಲಿ ಕೂತು ಸಹಿ ಮಾಡಿದ್ದರು.

ನಾನು ಹೋಗಿ ಅಂಗಡಿಯವರನ್ನು ಕೇಳಿದೆ. ಅವರಿಗೆ ಒಂದಿಷ್ಟೂ ಅಳುಕಿಲ್ಲ. "ಮೊದಲನೇದು ಗಾದಿಗನೂರು ಹುಡುಗಂದು ಮೇಡಂ. ಅವಗ ಜಲ್ದಿ ಕೆಲಸ ಸಿಕ್ತು. ಅಂದಮ್ಯಾಲೆ ಎಲ್ಲಾರೂ ಅದನ್ನ ಕೇಳ್ತಾರ. ಕೈಗುಣ ಇದ್ದದ್ದು ಯಾಕ ಬದಲು ಮಾಡ್ಬೇಕ್ರಿ?"

ಮಷಿನ್ ಒಪ್ಪುವುದಿಲ್ಲ, ಒಬ್ಬೊಬ್ಬರದು ಒಂದೊಂದು ಥರ ಇರಬೇಕು ಅಂತ ಬೇಡಿಕೊಂಡು ಬಂದೆ. ಅವರು ಮಾತು ಉಳಿಸಿಕೊಂಡರು. ಮುಂದಿನ ವಾರ ಇಂಟರ್‌ವ್ಯೂ ಮಾಡಲು ಬಂದ ಗಣಿಯ ಅಧಿಕಾರಿ ಬಯೋಡೇಟಾ ಓದಿ, ಎದುರಿಗಿದ್ದ ಫಿಟ್ಟರನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು. "ಕುದುರೆ ಸವಾರಿ ಮಾಡ್ತೀರಾ?"

ಹುಡುಗ ಎದ್ದು ನಿಂತು ಕೈ ಕಟ್ಟಿ ಹೇಳಿದ. "ಅದನ್ನ ಜೆರಾಕ್ಸ್ ಅಂಗಡ್ಯಾವ್ರನ್ನ ಕೇಳ್ಬೇಕ್ರಿ ಸಾಹೇಬ್ರ."

ಆರು ಭಾಷೆಯ ಹುಡುಗ

ಮಷಿನ್ ಒಮ್ಮೆ ಎಡವಿತಲ್ಲ, ನನಗೆ ಧೈರ್ಯ ಬಂತು. ಬರಬಾರದಿತ್ತು.

ಹಂಪಿ ಹತ್ತಿರದ ಗೆಸ್ಟ್ ಹೌಸ್ ಒಂದಕ್ಕೆ ರಿಸೆಪ್ಷನ್‌ನಲ್ಲಿ ಕೂರುವವರು ಬೇಕಾಗಿತ್ತು. ಹಂಪಿ ಬಜಾರಿನಲ್ಲಿ ಚಿಕ್ಕಂದಿನಿಂದ ನಕಾಶೆ, ಗೈಡ್ ಪುಸ್ತಕ ಮಾರಿಕೊಂಡು ಬೆಳೆದ ಒಬ್ಬ ಅರ್ಜಿ ಹಾಕಿದ್ದ. ಓದಿದ್ದು ಏಳನೇ ಕ್ಲಾಸು. ಮಷಿನ್ ಅವನಿಗೆ ನೂರಕ್ಕೆ ನಾಲ್ಕು ಕೊಟ್ಟಿತು. ಆದರೆ ನನ್ನೆದುರು ಕೂತು ಅವನು ಫ್ರೆಂಚ್, ಇಟಾಲಿಯನ್, ರಷ್ಯನ್, ಇಸ್ರೇಲಿನವರ ಭಾಷೆ ಎಲ್ಲ ಪಟಪಟ ಮಾತಾಡಿದ. ಇಂಗ್ಲಿಷ್ ಮೀಡಿಯಮ್ಮಿನ ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

ಜೀವನದಲ್ಲಿ ಮೊದಲ ಸಲ ಸರ್‌ಗೆ ಎದುರು ಮಾತಾಡಿದೆ. "ಸರ್, ಮಷಿನ್‌ಗೆ ಮನುಷ್ಯರು ಗೊತ್ತಾಗುವುದಿಲ್ಲ. ಇವನನ್ನು ಕಳಿಸೋಣ. ತಪ್ಪಾದರೆ ನನ್ನ ಜವಾಬ್ದಾರಿ."

"ನಿನ್ನ ಜವಾಬ್ದಾರಿ. ನೆನಪಿರ್ಲಿ" ಅಂದರು ಸರ್.

ನಾಲ್ಕನೇ ದಿನ ಗೆಸ್ಟ್ ಹೌಸಿನ ಮಾಲೀಕರ ಫೋನ್. "ಏನ್ ಮೇಡಂ, ಎಂಥಾವನ್ನ ಕಳಿಸೀರಿ?"

"ಯಾಕ್ರಿ, ಭಾಷೆ ಬರುವುದಿಲ್ಲವೇ?"

"ಭಾಷೆ ಆರು ಬರ್ತಾವ. ಆರರಾಗೂ ಅವಗ ಬರೋದು ಚೌಕಾಸಿ ಒಂದ!"

ನಡೆದದ್ದು ಇಷ್ಟು. ಫ್ರಾನ್ಸಿನ ಒಬ್ಬ ಅಜ್ಜ ಬ್ಯಾಗು ಕೆಳಗಿಟ್ಟು, ರೂಮ್ ಬಾಡಿಗೆ ಎಷ್ಟು ಅಂತ ಕೇಳಿದ್ದಾರೆ. ಇವನು ಹೇಳಿದ್ದಾನೆ. ಅಜ್ಜ ಕನ್ನಡಕ ತೆಗೆಯಲಿಕ್ಕೆ ಜೇಬಿಗೆ ಕೈ ಹಾಕಿದ್ದಾರೆ. ಇವನು, ಗಿರಾಕಿ ಹೊರಟೇ ಹೋಗುತ್ತಾರೆ ಅಂದುಕೊಂಡು ಅವರದೇ ಭಾಷೆಯಲ್ಲಿ, "ಹೋಗಬೇಡಿ, ನಿಮಗಾಗಿ ಕಡಿಮೆ, ಬೆಳಗಿನ ಮೊದಲ ಬೋಣಿ" ಅಂದಿದ್ದಾನೆ. ಅಜ್ಜ ಕನ್ನಡಕ ಒರೆಸಿದ್ದಾರೆ. ಇನ್ನಷ್ಟು ಇಳಿಸಿದ್ದಾನೆ. ಕನ್ನಡಕ ಹಾಕಿಕೊಳ್ಳುವ ಹೊತ್ತಿಗೆ ಬಾಡಿಗೆ ಅರ್ಧಕ್ಕೆ ಬಂದಿತ್ತು.

"ಆ ಅಜ್ಜ ಒಂದು ಮಾತು ಆಡಿಲ್ರಿ!" ಅಂತ ಮಾಲೀಕರು ಕೂಗಿದರು. "ಹಣಿ ಒರೆಸಿಕೊಳ್ಳಾಕ ಕರ್ಚೀಫ್ ತಗದಿದ್ರ ನಾವ ರೊಕ್ಕ ಕೊಟ್ಟು ಮಲಗಿಸ್ಬೇಕಾಗಿತ್ತು!"

ಎಪ್ಪತ್ತಾರು ವರ್ಷದ ಅನುಭವ

ಆಮೇಲೆ ಸರ್ ಎಲ್ಲ ಫೋನುಗಳನ್ನೂ ಮಷಿನ್‌ಗೆ ಒಪ್ಪಿಸಿದರು. ನಾನು ಅದು ಮಾಡಿದ ಕರೆಗಳನ್ನು ಕೇಳಿ ವರದಿ ಬರೆಯುವವಳಾದೆ. ನನ್ನ ಜಾಗದಲ್ಲಿ ಕೂತು ನನಗಿಂತ ಚೆನ್ನಾಗಿ ಮಾತಾಡುವ ಹೆಂಗಸನ್ನು ದಿನವಿಡೀ ಕಿವಿಗೆ ಹಚ್ಚಿಕೊಂಡು ಕೂರುವುದು ಹೇಗಿರುತ್ತದೆ ಅಂತ ಯಾರಿಗೂ ಹೇಳಿಕೊಳ್ಳಲೂ ಆಗುತ್ತಿರಲಿಲ್ಲ.

ಕಂಪ್ಲಿಯ ಒಂದು ಅಕ್ಕಿ ಮಿಲ್ಲಿಗೆ ಸೂಪರ್‌ವೈಸರ್ ಬೇಕಾಗಿತ್ತು. ನಮ್ಮ ಕಡೆ ಬಯೋಡೇಟಾದಲ್ಲಿ ಕೊಡುವ ನಂಬರ್ ಅಂದರೆ ಮನೆಗೆಲ್ಲ ಒಂದೇ ಇರುವ ನಂಬರ್. ಹುಡುಗ ಹೊರಗೆ ಹೋಗಿದ್ದ. ಫೋನ್ ಎತ್ತಿದ್ದು ಅವನ ಅಜ್ಜಿ.

"ನಿಮಗೆ ಎಷ್ಟು ವರ್ಷಗಳ ಅನುಭವವಿದೆ?" ಎಂದಿತು ಮಷಿನ್.

"ಈಗ ಎಪ್ಪತ್ತಾರು ನಡೀತೈತವಾ. ಏನೇನು ನೋಡಿಲ್ಲ ಹೇಳು."

"ಧನ್ಯವಾದಗಳು. ರಾತ್ರಿ ಪಾಳಿಯಲ್ಲಿ ಕೆಲಸ ಮಾಡಲು ಸಿದ್ಧರಿದ್ದೀರಾ?"

"ರಾತ್ರಿ ನಂಗ ನಿದ್ದಿ ಎಲ್ಲಿ ಬರ್ತೈತಿ? ಕುಂತ ಇರ್ತೀನಿ."

"ನಿಮ್ಮ ಕೈಕೆಳಗೆ ಎಷ್ಟು ಜನರನ್ನು ನಿಭಾಯಿಸಿದ್ದೀರಿ?"

"ನಾಕು ಮಂದಿ ಸೊಸ್ತೇರು. ಒಬ್ಬಾಕಿನೂ ತಿರುಗಿ ಮಾತಾಡಂಗಿಲ್ಲ."

"ಅವರ ನಡುವೆ ಜಗಳವಾದರೆ ಏನು ಮಾಡುತ್ತೀರಿ?"

"ಅಕ್ಕಿ ಡಬ್ಬಿ ಕೀಲಿ ನನ್ನ ಸೊಂಟದಾಗ ಐತಿ. ಜಗಳ ಹೆಂಗ ಆಗ್ತೈತಿ?"

ಕೊನೆಗೆ ಅಜ್ಜಿ, "ಭಾಳ ಹೊತ್ತಿಂದ ಮಾತಾಡಾಕತ್ತಿ. ಉಂಡೇನವಾ?" ಅಂತ ಕೇಳಿದರು. ಮಷಿನ್ ಧನ್ಯವಾದ ಹೇಳಿ, ನೂರಕ್ಕೆ ತೊಂಬತ್ತಾರು ಕೊಟ್ಟು, ನಾಯಕತ್ವ ಅತ್ಯುತ್ತಮ ಎಂದು ಬರೆದು, ಉತ್ತರಗಳ ಸಮೇತ ನೇರವಾಗಿ ಮಿಲ್ಲಿಗೇ ಕಳಿಸಿಬಿಟ್ಟಿತು.

ನಾನು ಓಡಿ ಹೋಗಿ ಸರ್‌ಗೆ ಹೇಳಿದೆ. ಈ ಸಲವಾದರೂ ಮಷಿನ್ ಸಿಕ್ಕಿಬಿತ್ತು ಅಂತ ಒಳಗೊಳಗೇ ಖುಷಿ, ಸುಳ್ಳೇಕೆ. ಸರ್ ಹಣೆ ಚಚ್ಚಿಕೊಂಡು ಮಿಲ್ಲಿನ ಮಾಲೀಕರಿಗೆ ಫೋನ್ ಮಾಡಿ, "ತಪ್ಪಾಗೇತ್ರಿ, ಅದು ಅಜ್ಜಿ ಉತ್ತರ. ಹುಡುಗನ್ನ ಕಳಿಸ್ತೀನಿ" ಅಂದರು.

ಮಾಲೀಕರು ಆ ಉತ್ತರಗಳನ್ನು ಇನ್ನೊಮ್ಮೆ ಓದಿಕೊಂಡು ಹೇಳಿದರು. "ಹುಡುಗ ಬ್ಯಾಡ್ರಿ. ಅಜ್ಜೀನ್ನ ಕಳಿಸ್ರಿ."

ಆಯುಧಪೂಜೆ

ಸರ್ ಹೇಳಿದ್ದ ಗಡುವು ಬಂದೇ ಬಂತು. ಹಿಂದಿನ ರಾತ್ರಿ ನಿದ್ದೆ ಇಲ್ಲ. ಬೆಳಿಗ್ಗೆ ಆಫೀಸಿಗೆ ಹೋದರೆ ಸರ್ ಆಗಲೇ ಸ್ಟೇಪ್ಲರ್, ಪಂಚಿಂಗ್ ಮಷಿನ್, ಪ್ರಿಂಟರ್‌ಗಳಿಗೆ ವಿಭೂತಿ ಕುಂಕುಮ ಹಚ್ಚಿ ಮುಗಿಸಿದ್ದರು. ಸಾಫ್ಟ್‌ವೇರಿಗೆ ಎಲ್ಲಿ ಹಚ್ಚಬೇಕು ಅಂತ ತಿಳಿಯದೆ ನಿಂತಿದ್ದರು.

"ಏನವಾ, ನೀ ಓದಿದಾಕಿ. ಅದು ಎಲ್ಲಿ ಇರ್ತೈತಿ?"

"ಅದು ಎಲ್ಲೂ ಇರುವುದಿಲ್ಲ ಸರ್. ಇಂಟರ್ನೆಟ್ಟಿನಲ್ಲಿ ಇರುತ್ತದೆ."

ಸರ್ ಯೋಚಿಸಿ, ವೈಫೈ ಡಬ್ಬಿಗೆ ಒಂದು ಚೆಂಡುಹೂವಿನ ಮಾಲೆ ಹಾಕಿ, ನಿಂಬೆಹಣ್ಣು ಇಟ್ಟರು. ನನ್ನ ರೈವಲ್‌ಗೆ ಮಂಗಳಾರತಿ. ಗಂಟೆ ಬಾರಿಸುವ ಕೆಲಸ ನನ್ನದು.

ಕರ್ಪೂರ ಹೊತ್ತಿಸಿ ಆರತಿ ಎತ್ತಿದರು. ಆಗ ನನ್ನ ಫೋನ್ ರಿಂಗಾಯಿತು. ನೋಡಿದೆ. ನಮ್ಮ ಆಫೀಸಿನದೇ ನಂಬರ್.

"ಎತ್ತವಾ. ಪೂಜಿ ಹೊತ್ತಿನಾಗ ಬಂದ ಫೋನು ಛಲೋ ಇರ್ತೈತಿ. ಸ್ಪೀಕರ್ ಹಾಕು" ಅಂದರು ಸರ್.

ಹಾಕಿದೆ. ಮೂರು ತಿಂಗಳಿಂದ ಕಿವಿಯಲ್ಲಿ ಕೂತಿದ್ದ ಆ ಅಚ್ಚುಕಟ್ಟಾದ ದನಿ. "ನಮಸ್ಕಾರ. ಸಂಡೂರಿನ ಒಂದು ಕಂಪನಿಯ ನೇಮಕಾತಿ ವಿಭಾಗಕ್ಕೆ ನಿಮ್ಮ ಬಯೋಡೇಟಾ ಅತ್ಯಂತ ಸೂಕ್ತವಾಗಿದೆ. ಈ ಕೆಲಸಕ್ಕೆ ನೀವೇ ಮೊದಲ ಆಯ್ಕೆ."

ಆಗ ನೆನಪಾಯಿತು. ಮಷಿನ್ ಬಂದಾಗ ಬೀರುವಿನಲ್ಲಿದ್ದ ಹಳೆಯ ಬಯೋಡೇಟಾಗಳನ್ನೆಲ್ಲ ಅದರೊಳಗೆ ಹಾಕು ಅಂತ ಸರ್ ಹೇಳಿದ್ದರು. ಎರಡು ವರ್ಷದ ಹಿಂದೆ ಈ ಕೆಲಸಕ್ಕೆ ನಾನೇ ಕೊಟ್ಟಿದ್ದ ನನ್ನ ಬಯೋಡೇಟಾ ಅದರಲ್ಲೇ ಇತ್ತು. ನನ್ನ ಕೆಲಸ ಕಿತ್ತುಕೊಳ್ಳಲು ಬಂದ ಮಷಿನ್ ನನಗೊಂದು ಕೆಲಸ ಹುಡುಕಿತ್ತು.

"ಈಗಿರುವ ಕೆಲಸ ಬಿಟ್ಟು ಬರಲು ಸಿದ್ಧರಿದ್ದೀರಾ? ಹೌದು ಅಥವಾ ಇಲ್ಲ ಎಂದು ಹೇಳಿ."

ಸರ್ ಆರತಿ ತಟ್ಟೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. "ಏ ತಂಗಿ, ಇದೇನಿದು? ನೀ ಹೋದ್ರ ಇಲ್ಲಿ ಮೇಲ್ ಯಾರು ಬರೀತಾರ? ಇದು ಮಾಡಿದ ತಪ್ಪು ಯಾರು ತಿದ್ದತಾರ?"

"ಹಿನ್ನೆಲೆಯಲ್ಲಿ ಗದ್ದಲವಿದೆ" ಎಂದಿತು ಮಷಿನ್. "ದಯವಿಟ್ಟು ಶಾಂತವಾದ ಸ್ಥಳಕ್ಕೆ ಹೋಗಿ."

ಇಪ್ಪತ್ತು ವರ್ಷ ಇದೇ ಉದ್ಯೋಗ ಮಾಡಿದ ಸರ್, ತಮ್ಮದೇ ಆಫೀಸಿನಲ್ಲಿ, ತಾವೇ ಮಾಲೆ ಹಾಕಿದ ಡಬ್ಬಿಯ ಎದುರು, ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತರು. ಕರ್ಪೂರ ತಟ್ಟೆಯಲ್ಲಿ ಧಗಧಗ ಉರಿಯುತ್ತಿತ್ತು. ತಟ್ಟೆ ಬಿಸಿಯಾಗಿ ಕೈ ಬದಲಿಸಿದರು. ಬೇಡ ಬೇಡ ಅಂತ ತಲೆ ಅಲ್ಲಾಡಿಸಿದರು. ನಾನು ಕೈಯಲ್ಲಿದ್ದ ಗಂಟೆಯನ್ನು ಸದ್ದಾಗದ ಹಾಗೆ ಟೇಬಲ್ ಮೇಲಿಟ್ಟೆ. ಇಷ್ಟು ವರ್ಷದಲ್ಲಿ ನನ್ನ ಬಾಯಿಂದ ಬರುವ ಒಂದು ಮಾತಿಗೆ ಇಬ್ಬರು ಒಟ್ಟಿಗೆ ಕಾದದ್ದು ಅದೇ ಮೊದಲು.

"ಕ್ಷಮಿಸಿ, ನಿಮ್ಮ ಉತ್ತರ ಕೇಳಿಸಲಿಲ್ಲ" ಎಂದಿತು ಮಷಿನ್.

ಸರ್ ನನ್ನ ಕಿವಿಯ ಹತ್ತಿರ ಬಗ್ಗಿ, ಅದಕ್ಕೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಅಂದರು. "ಇಲ್ಲ ಅಂತ ಒಂದು ಮಾತು ಅಂದುಬಿಡವಾ. ಕೈ ಸುಡಾಕತ್ತೈತಿ."