ಮಾರ್ಟಿ ಗ್ರುಬ್ಮನ್ ಅಮೆರಿಕಕ್ಕೆ ಬಂದದ್ದು

ಸಾವಿರದ ಒಂಬೈನೂರ ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಹೊಸಬರ ಹೊಂದಾಣಿಕೆ ಕಚೇರಿಯು, ಅದೇ ನಗರದ ಬ್ರೂಕ್ಲಿನ್‌ನಲ್ಲೇ ಹುಟ್ಟಿ ಬೆಳೆದ ಮಾರ್ಟಿ ಗ್ರುಬ್ಮನ್ ಎಂಬ ನಟನು ಅಮೆರಿಕಕ್ಕೆ ಈಗಷ್ಟೇ ಬಂದಿಳಿದಿದ್ದಾನೆಂದು ತೀರ್ಮಾನಿಸಿತು. ತೀರ್ಮಾನ ನಿಯಮಾನುಸಾರವೇ ಇತ್ತು. ನಿಯಮಕ್ಕೆ ಹೊಂದದೆ ಇದ್ದವನು ಮಾರ್ಟಿ ಒಬ್ಬನೇ. ಅವನನ್ನೂ ಕಾಲಕ್ರಮದಲ್ಲಿ ಸರಿಪಡಿಸಲಾಯಿತು.

ಅಲ್ಲಿಯವರೆಗೆ ಮಾರ್ಟಿ ನಾಟಕಗಳಲ್ಲಿ ಹೆಣವಾಗಿದ್ದ, ಬಾಗಿಲು ಕಾಯುವವನಾಗಿದ್ದ, ಟೂತ್‌ಪೇಸ್ಟಿನ ಒಂದು ಜಾಹೀರಾತಿನಲ್ಲಿ ಹುಳುಕು ಹಲ್ಲಾಗಿದ್ದ. ನಲವತ್ತರ ಹತ್ತಿರ ಬಂದರೂ ಮದುವೆಯಾಗಿರಲಿಲ್ಲ. ಯಹೂದಿ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಯಾರಾದರೂ ವಿಚಾರಿಸಿದರೆ ಅವನ ತಾಯಿ ಇಟ್ಟಾ, ಹುಡುಗ ಹಲ್ಲಿನ ಕ್ಷೇತ್ರದಲ್ಲಿದ್ದಾನೆ ಎಂದು ಹೇಳಿ ಮಾತು ಬದಲಿಸುತ್ತಿದ್ದಳು. ಹೀಗಿರುವಾಗ ಫ್ರೀಡಾ ಕಪ್ಲಾನ್‌ಸ್ಕಿ ಎಂಬ ನಿರ್ದೇಶಕಿ ತನ್ನ ಚಿತ್ರದ ನಾಯಕ ನೀನೇ ಎಂದಾಗ, ಮಾರ್ಟಿ ಕಥೆ ಕೂಡ ಕೇಳದೆ ಒಪ್ಪಿಕೊಂಡ.

ಕಥೆ ಫ್ರೀಡಾಳ ಅಜ್ಜನ ಕಾಲದ್ದು. ಮೆಂಡೆಲ್ ಎಂಬ ಯಹೂದಿ ತರುಣ ಜರ್ಮನಿಯ ಹ್ಯಾಂಬರ್ಗ್ ಬಂದರಿನಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಬಂದು, ತಳ್ಳುಗಾಡಿಯಲ್ಲಿ ಉಪ್ಪುಮೀನು ಮಾರುತ್ತಾ, ಗಡ್ಡ ಬೋಳಿಸಿ, ಇಂಗ್ಲಿಷ್ ಕಲಿತು, ಕೊನೆಗೆ ತನ್ನ ಹೆಸರನ್ನು ತಾನೇ ಸರಿಯಾಗಿ ಹೇಳಲಾರದಷ್ಟು ಅಮೆರಿಕನ್ ಆಗುವುದು. ಯಾವ ದೊಡ್ಡ ಕಂಪನಿಯೂ ಹಣ ಹಾಕಲಿಲ್ಲ. ಫ್ರೀಡಾ ಕಾರು ಮಾರಿದಳು, ಪಿಯಾನೋ ಮಾರಿದಳು, ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್ ಬಡಾವಣೆಯ ಒಂದು ಬೀದಿಗೆ ಕುದುರೆ ಲದ್ದಿ ಹರಡಿ ಹಿಂದಿನ ಶತಮಾನವನ್ನಾಗಿ ಮಾಡಿದಳು. ಫಿಲ್ಮ್ ಸುರುಳಿ ಅಳೆದಷ್ಟೇ ಇದ್ದುದರಿಂದ, ಕ್ಯಾಮೆರಾ ಓಡುತ್ತಿರುವಾಗ ಆಕಾಶ ಕಳಚಿ ಬಿದ್ದರೂ ಯಾರೂ ಪಾತ್ರ ಬಿಡಕೂಡದೆಂದು ಆಜ್ಞೆ ಮಾಡಿದ್ದಳು.

ಅದೇ ಬೀದಿಯ ಮೂಲೆಯಲ್ಲಿ ಹೊಸಬರ ಹೊಂದಾಣಿಕೆ ಕಚೇರಿ ಇತ್ತು. ಹಡಗುಗಳ ಕಾಲದಲ್ಲಿ ತೆರೆದ ಈ ಕಚೇರಿಗೆ ಎಷ್ಟೋ ವರ್ಷಗಳಿಂದ ಒಬ್ಬನೇ ಒಬ್ಬ ಹೊಸಬ ಬಂದಿರಲಿಲ್ಲ. ದೇಶಕ್ಕೆ ಬರುವವರೆಲ್ಲ ವಿಮಾನದಲ್ಲಿ ಬರುತ್ತಿದ್ದರು; ಕಚೇರಿಯ ನಿಯಮದಲ್ಲಿ ವಿಮಾನವಿರಲಿಲ್ಲ. ಹಾಗಾಗಿ ಕಚೇರಿಯನ್ನು ಮುಚ್ಚಲು ಆದೇಶವಾಗಿತ್ತು. ಚಿತ್ರೀಕರಣ ಶುರುವಾದ ದಿನ ಮಧ್ಯಾಹ್ನ ಅಲ್ಲಿನ ಅಧಿಕಾರಿ ಫಿನ್ನರ್ಟಿ ಊಟಕ್ಕೆಂದು ಹೊರಗೆ ಬಂದು ನೋಡುತ್ತಾನೆ: ಇಡೀ ಬೀದಿ ತಲೆವಸ್ತ್ರ, ಗಂಟುಮೂಟೆ, ಗಡ್ಡಗಳಿಂದ ತುಂಬಿದೆ. ಅವನ ಕಣ್ಣಲ್ಲಿ ನೀರು ಬಂತು. ನೇರ ಮೀನುಗಾಡಿಯ ಬಳಿಗೆ ಹೋಗಿ ಹೆಸರು ಕೇಳಿದ.

ಕ್ಯಾಮೆರಾ ಓಡುತ್ತಿತ್ತು. "ಮೆಂಡೆಲ್," ಎಂದ ಮಾರ್ಟಿ. "ಹ್ಯಾಂಬರ್ಗಿನ ಹಡಗಿನಿಂದ ಈಗ ತಾನೇ ಇಳಿದೆ. ಮೀನು ಬೇಕಾ ಸ್ವಾಮಿ?"

ಫಿನ್ನರ್ಟಿ ದಾಖಲಿಸಿಕೊಂಡ, ಮೀನನ್ನೂ ಕೊಂಡ.

ಸಂಜೆ ಮಾರ್ಟಿ ಕಚೇರಿಗೆ ಹೋಗಿ ನಿಜ ಹೇಳಿದ. ಫಿನ್ನರ್ಟಿ ಸಾವಧಾನವಾಗಿ ಕೇಳಿಸಿಕೊಂಡು, ಬಂದ ಹೊಸದರಲ್ಲಿ ಎಲ್ಲರೂ ಇಲ್ಲೇ ಹುಟ್ಟಿದವರೆಂದು ಹೇಳಿಕೊಳ್ಳುವುದು ಸಹಜ, ಅದಕ್ಕಾಗಿ ನಾಚಿಕೆಪಡಬೇಕಿಲ್ಲ ಎಂದು ಸಮಾಧಾನ ಮಾಡಿದ. ಹೆಸರು ಸೇರಿಸಲು ನಿಯಮವಿತ್ತು, ತೆಗೆಯಲು ಇರಲಿಲ್ಲ. ಕಚೇರಿಯ ಶಿಕ್ಷಕಿ ಇಂಗ್ಲಿಷ್ ಪರೀಕ್ಷೆ ಮಾಡಿದಳು. ಬ್ರೂಕ್ಲಿನ್ನಿನ ಉಚ್ಚಾರ ಕೇಳಿ, ಭಾಷೆಯ ಪರಿಚಯ ಇನ್ನೂ ಆಗಬೇಕಿದೆ ಎಂದು ಷರಾ ಬರೆದಳು.

ಫ್ರೀಡಾ ಜಗಳಕ್ಕೆಂದು ಕಚೇರಿಗೆ ನುಗ್ಗಿದಳು. ಅಲ್ಲಿ ಹೊಸಬರ ಅನುಭವ ದಾಖಲಿಸಲು ಮೀಸಲಿಟ್ಟ ನಿಧಿಯೊಂದು ಬಹುಕಾಲದಿಂದ ಹಾಗೇ ಬಿದ್ದಿದೆ ಎಂದು ತಿಳಿದು, ಕುರ್ಚಿ ಎಳೆದುಕೊಂಡು ಕುಳಿತಳು. ಷರತ್ತು ಒಂದೇ: ಚಿತ್ರಕ್ಕೆ ದುಡಿಯುವವರೆಲ್ಲ ಹೊಸಬರಾಗಿರಬೇಕು. ಮರುದಿನ ಕಚೇರಿಯ ದಾಖಲೆಯಲ್ಲಿ ಇಡೀ ತಂಡ ಹಡಗಿನಿಂದ ಬಂದಿಳಿಯಿತು. ಓಹಾಯೋದ ಲೂಥರನ್ ಕ್ರೈಸ್ತ ರೈತನ ಮಗನಾದ ಕ್ಯಾಮೆರಾದವನು ರಷ್ಯಾ ಕಡೆಯ ಮಿನ್ಸ್ಕ್‌ನಿಂದ ಬಂದ. ಎಲ್ಲರಿಗೂ ತಲಾ ಒಂದು ಕಂಬಳಿ, ಒಂದು ಸ್ವಾಗತ ಭಾಷಣ ಸಿಕ್ಕವು. ಕಚೇರಿ ಮುಚ್ಚುವ ಆದೇಶ ರದ್ದಾಗಿ, ಫಿನ್ನರ್ಟಿಗೆ ಬಡ್ತಿಯಾಯಿತು.

ಕಷ್ಟ ಶುರುವಾದದ್ದು ಪಾತ್ರಕ್ಕೆಂದು ಮಾರ್ಟಿ ಬಿಟ್ಟಿದ್ದ ಗಡ್ಡದಿಂದ. ಬೇಸಿಗೆ ಮುಗಿಯುವುದರೊಳಗೆ ಹೊಂದಿಕೊಂಡ ಲಕ್ಷಣ ತೋರದವರನ್ನು ಹಡಗು ಹತ್ತಿದ ಬಂದರಿಗೆ ವಾಪಸು ಕಳಿಸಬೇಕೆಂದು ನಿಯಮ. ಲಕ್ಷಣವೆಂದರೆ ಬೋಳಿಸಿದ ಮುಖ. ಪರಿಶೀಲನೆ ಬುಧವಾರವೆಂದು ನೋಟಿಸು ಬಂತು. ಗಡ್ಡವಿರುವ ದೃಶ್ಯಗಳು ಇನ್ನೂ ರಾಶಿ ಉಳಿದಿದ್ದವು.

"ಮಾರ್ಟಿ, ನಿಂಗೆ ಕೈ ಮುಗೀತೀನಿ," ಎಂದಳು ಫ್ರೀಡಾ. "ಮುಂದಿನ ವಾರದವರೆಗೆ ಹೊಂದ್ಕೋಬೇಡ ಕಣೋ."

"ಹ್ಯಾಂಬರ್ಗಿಗೆ ಕಳಿಸ್ತಾರಂತೆ ಫ್ರೀಡಾ. ನಂಗೆ ಅಲ್ಲಿ ಯಾರ ಪರಿಚಯಾನೂ ಇಲ್ಲ."

"ಇಲ್ಲಿ ಯಾರ ಪರಿಚಯ ಇತ್ತು ಬಂದಾಗ?"

ಮಾರ್ಟಿ ಈ ಮಾತನ್ನು ಗಂಭೀರವಾಗಿ ಯೋಚಿಸಿದ. ಅವನಿಗೆ ಒಳಗೊಳಗೇ ಖುಷಿಯಾಗತೊಡಗಿತ್ತು. ಮಾರ್ಟಿಯಾಗಿದ್ದಾಗ ಬೀದಿಯಲ್ಲಿ ಯಾರೂ ಅವನನ್ನು ಮಾತಾಡಿಸಿರಲಿಲ್ಲ. ಈಗ ಸುತ್ತಲಿನ ಮುದುಕಿಯರು ಮೆಂಡೆಲ್ ಎಂದು ಕೂಗಿ, ಮೀನಿನ ಕಣ್ಣು ಮಂಕಾಗಿದೆಯೆಂದು ಬೈದು, ಬೈದ ಮೇಲೆ ಕೊಂಡು ಹೋಗುತ್ತಿದ್ದರು. ಅಪ್ಪ ಮನೆಯಲ್ಲಿ ಆಡಗೊಡದ, ಯಹೂದಿಗಳ ಹಳೆಯ ಮನೆಮಾತಾದ ಯಿಡ್ಡಿಷನ್ನು ಅವರಿಂದ ಕಲಿತ, ಬೈಗುಳ ಮೊದಲು, ಉಳಿದದ್ದು ಆಮೇಲೆ. ಈ ಪಾತ್ರ ಕೈಬಿಟ್ಟು ಮತ್ತೆ ಹುಳುಕು ಹಲ್ಲಾಗಲು ಅವನಿಗೆ ಮನಸ್ಸಿರಲಿಲ್ಲ.

ಕೊನೆಗೆ ಫಿನ್ನರ್ಟಿಯೇ ದಾರಿ ತೋರಿದ. ಪರಿಶೀಲನಾ ಸಮಿತಿಯು ಅರ್ಜಿದಾರನ ಎಡಗಡೆ ಕೂರತಕ್ಕದ್ದು ಎಂದು ನಿಯಮವಿತ್ತು. ಮಾರ್ಟಿ ಎಡಗೆನ್ನೆ ಬೋಳಿಸಿದ. ಎಡಗಡೆಯಿಂದ ಅವನು ತೃಪ್ತಿಕರವಾಗಿ ಹೊಂದಿಕೊಂಡಿದ್ದಾನೆಂದು ಸಮಿತಿ ಒಪ್ಪಿತು. ಫ್ರೀಡಾ ಬಲಗಡೆಯಿಂದ ಚಿತ್ರ ಮುಂದುವರಿಸಿದಳು. ಅರ್ಧ ಗಡ್ಡದ ಮಾರ್ಟಿ ದಿನವೂ ಸಬ್‌ವೇ ರೈಲಿನಲ್ಲಿ ಓಡಾಡಿದ. ಯಾರೂ ತಿರುಗಿ ನೋಡಲಿಲ್ಲ. ಇದನ್ನೂ ಸಮಿತಿ ಹೊಂದಾಣಿಕೆಯ ಪುರಾವೆಯಾಗಿ ಪರಿಗಣಿಸಿತು.

ಚಿತ್ರ ಮುಗಿದ ವಾರ ಪೌರತ್ವದ ಪ್ರಮಾಣ ನಡೆಯಿತು. ಮಾರ್ಟಿ ಮೊದಲೇ ಅಮೆರಿಕದ ಪ್ರಜೆಯಾಗಿದ್ದುದರಿಂದ, ಹಿಂದಿನ ದೇಶದ ನಿಷ್ಠೆಯನ್ನು ಬಿಡಬೇಕೆಂದರೆ ಅಮೆರಿಕವನ್ನೇ ಬಿಡಬೇಕಾಯಿತು. ನ್ಯಾಯಾಧೀಶರು ಎರಡು ನಿಮಿಷ ಸಮಯ ಕೊಟ್ಟರು. ಅವನು ಅಮೆರಿಕವನ್ನು ತೊರೆದು, ಕಿಟಕಿ ಪಕ್ಕ ಸ್ವಲ್ಪ ಹೊತ್ತು ದೇಶವಿಲ್ಲದೆ ನಿಂತು, ಅಮೆರಿಕವನ್ನು ಸ್ವೀಕರಿಸಿದ. ಸಭೆ ಚಪ್ಪಾಳೆ ತಟ್ಟಿತು. ಮಿನ್ಸ್ಕ್‌ನ ಕ್ಯಾಮೆರಾದವನು ಬಿಕ್ಕಿ ಬಿಕ್ಕಿ ಅತ್ತ.

ಶುಕ್ರವಾರ ಸಂಜೆ, ಯಹೂದಿಗಳ ವಾರದ ಪವಿತ್ರ ದಿನವಾದ ಸಬ್ಬತ್ತಿನ ಊಟಕ್ಕೆ ಮಾರ್ಟಿ ತಾಯಿಯ ಮನೆಗೆ ಹೋದ. ಹೆಸರು ಕಾಯಂ ಆಗಿ ಮೆಂಡೆಲ್ ಆಗಿದೆ, ತಪ್ಪಾಯಿತು ಎನ್ನುವಷ್ಟರಲ್ಲಿ ಇಟ್ಟಾ ಅವನ ಬಾಯಿಗೆ ಬೆರಳಿಟ್ಟಳು. ಒಳಗೆ ಮದುವೆ ದಲ್ಲಾಳಿ ಹೆಂಗಸು ಕೂತಿದ್ದಾಳೆ, ಮೆಲ್ಲಗೆ ಮಾತಾಡು ಎಂದಳು. ಮಾರ್ಟಿಗೆ ಹೆಣ್ಣು ಹುಡುಕಿ ಹುಡುಕಿ ಸಾಕಾಗಿ ಹಿಂದೆಯೇ ಕೈತೊಳೆದುಕೊಂಡಿದ್ದವಳು ಆಕೆ.

"ಅಮ್ಮಾ, ಅವರಿಗೆ ನಾನು ಗೊತ್ತಲ್ಲ."

"ಅವಳಿಗೆ ಮಾರ್ಟಿ ಗೊತ್ತು. ಅವನಿಗೆ ಯಾರು ಕೊಡ್ತಾರೆ ಹೆಣ್ಣು, ನಾಟಕದವನಿಗೆ. ನಿಂದು ಬೇರೆ ಮಾತು. ಮೀನಿನ ವ್ಯಾಪಾರ ಇದೆ, ಪೌರತ್ವ ಸಿಕ್ಕಿದೆ, ಈ ದೇಶದಲ್ಲಿ ತಾಯಿ ಇಲ್ಲ, ಹುಡುಗಿಗೆ ಅತ್ತೆ ಕಾಟ ಇಲ್ಲ." ಅವನ ಕೋಟಿನ ಕಾಲರು ಸರಿಮಾಡಿದಳು. "ಆಗಲೇ ಮೂರು ಕಡೆಯವರು ಕೇಳಿದಾರೆ. ಬಲಗೆನ್ನೆನೂ ಬೋಳಿಸ್ಕೊಂಡು ಬಾ ಹೋಗು."

ಮಾರ್ಟಿ ಬಚ್ಚಲುಮನೆ ಎಲ್ಲಿದೆ ಎಂದು ಕೇಳಿದ. ಅವಳು ತೋರಿಸಿದಳು.