ಎಡಗಾಲು ಉಳಿಸಲು ಬರೆದ ಪುಸ್ತಕ

ಗುಬ್ಬಿಯ ರಿಜಿಸ್ಟ್ರಾರ್ ಕಚೇರಿ ಎದುರು ಮೇಜು ಹಾಕಿಕೊಂಡು ಊರವರ ಕ್ರಯಪತ್ರ ಬರೆಯುವವನು ನಾನು. ಊರವರ ಎಡವಟ್ಟೆಲ್ಲ ನನ್ನ ಮೇಜಿಗೇ ಬರುತ್ತಿತ್ತು. ಹೋದ ವರ್ಷದಿಂದ ನನ್ನದೇ ಎಡವಟ್ಟು ದಿನಕ್ಕೊಂದು ಆಗುತ್ತಿದೆ. ಸಿಗರೇಟಿನಿಂದ ರಕ್ತನಾಳ ಮುಚ್ಚಿಕೊಂಡು ಎಡಗಾಲಿನ ಎರಡು ಬೆರಳು ಹೋದವು.

"ನಿಲ್ಲಿಸದಿದ್ರೆ ಪಾದಾನೂ ಹೋಗತ್ತೆ" ಅಂದರು ತುಮಕೂರಿನ ಡಾಕ್ಟರು. "ಒಂದು ಪುಸ್ತಕ ಇಡಿ. ಹಚ್ಚೋಕೆ ಮುಂಚೆ ಯಾಕೆ ಸೇದ್ತೀನಿ ಅಂತ ಬರೀರಿ. ಬರೆದೂ ಬರೆದೂ ಬೇಜಾರಾಗಿ ಬಿಡ್ತೀರ."

ಬರೆದು ಬೇಜಾರಾಗುವವನಾಗಿದ್ದರೆ ನಾನು ಈ ಕಸುಬಿಗೇ ಬರುತ್ತಿರಲಿಲ್ಲ.

ಮೊದಲ ಪುಟ

ಕೈಗೆ ಬಂದ ಅಭ್ಯಾಸ ನೋಡಿ. "ಈ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥಚಿತ್ತನಾಗಿ ಒಂದು ಸಿಗರೇಟು ಸೇದಲು ಒಪ್ಪಿ ಬರೆದುಕೊಟ್ಟ ಪತ್ರ" ಅಂತ ಬರೆದೆ. ಕೆಳಗೆ ಇಬ್ಬರು ಸಾಕ್ಷಿಗಳು ಬೇಡವೇ? ಪಕ್ಕದ ಮೇಜಿನ ಪತ್ರಬರಹಗಾರನನ್ನೂ ಜೆರಾಕ್ಸ್ ಅಂಗಡಿಯವನನ್ನೂ ಕರೆದೆ. ಸಹಿ ಹಾಕಿದವರು ಜಾಗ ಬಿಟ್ಟು ಕದಲಲಿಲ್ಲ. ಸಾಕ್ಷಿಗೆ ಬಂದವರಿಗೆ ಟೀ, ಸಿಗರೇಟು ಕೊಡಿಸುವುದು ನಮ್ಮ ಕಚೇರಿಯ ಪದ್ಧತಿ.

ಡಾಕ್ಟರು ಒಬ್ಬನನ್ನು ಬಿಡಿಸಲು ಹೊರಟರು, ಮೂವರು ಸೇದಿದೆವು.

ಕಾರಣ

ಪುಸ್ತಕ ಹೆಂಡತಿಯ ಕೈಗೆ ಸಿಕ್ಕಿತು. ಪುಟಪುಟದಲ್ಲೂ "ಕಾರಣ: ಮನೆಯಲ್ಲಿ ಮಾತು."

"ಅಂದ್ರೆ ನಿಮ್ ಕಾಲು ತಿಂತಿರೋಳು ನಾನೇನ್ರೀ?" ಅಂದವಳೇ ಕುಣಿಗಲ್ಲಿನ ತಂಗಿ ಮನೆಗೆ ಹೊರಟುಬಿಟ್ಟಳು. ವಾರ ಬಿಟ್ಟು ಬಂದು, ಚೀಲ ಇಡುವ ಮೊದಲೇ ಪುಸ್ತಕ ತೆಗೆದಳು. ಸಿಗರೇಟು ದುಪ್ಪಟ್ಟಾಗಿತ್ತು. ಕಾರಣ: ಮನೆಯಲ್ಲಿ ಮಾತಿಲ್ಲ.

ಒಪ್ಪಿಗೆ ಪತ್ರ

ಅಷ್ಟರಲ್ಲಿ ಹಿಮ್ಮಡಿ ಕಪ್ಪಾಗಿತ್ತು. ಪಾದ ತೆಗೆಯದೆ ವಿಧಿಯಿಲ್ಲ ಅಂದರು. ಆಪರೇಷನ್ ದಿನ ನರ್ಸಮ್ಮ ಒಂದು ಹಾಳೆ ಕೊಟ್ಟು "ಸೈನ್ ಮಾಡಿ ಯಜಮಾನ್ರೇ" ಅಂದಳು. ಹೆದರಿಕೆಯೇನೋ ಇತ್ತು. ಆದರೂ ಓದಿದೆ. ಅಂಥ ಕೆಟ್ಟ ಪತ್ರ ನನ್ನ ಜನ್ಮದಲ್ಲಿ ನೋಡಿಲ್ಲ. ಯಾವ ಕಾಲು, ಎಲ್ಲಿವರೆಗೆ, ಜಮೀನಿಗೆ ಬರೆಯುವಂತೆ ನಾಲ್ಕು ಕಡೆಯ ಚಕ್ಕುಬಂದಿ ಏನು, ಒಂದೂ ಇಲ್ಲ. ನಾನೇ ಸೇರಿಸಿದೆ: ಮೇಲಕ್ಕೆ ನನ್ನ ಸ್ವಂತ ಕಣಕಾಲು, ಬಲಕ್ಕೆ ನನ್ನದೇ ಇನ್ನೊಂದು ಕಾಲು, ಎಡಕ್ಕೆ ಕಿಟಕಿ, ಕೆಳಕ್ಕೆ ಮಂಚದ ಅಂಚು, ಇದರ ಮಧ್ಯೆ ಇರುವ ಪಾದ ಮಾತ್ರ.

ಡಾಕ್ಟರು ಬಂದು ಓದಿದರು. "ಏನ್ರೀ ಇದು?"

"ನಾಳೆ ವ್ಯಾಜ್ಯ ಬೇಡ ಸರ್. ಈ ಗಡಿ ದಾಟಿ ಒಂದಿಂಚು ಮೇಲಕ್ ಬಂದ್ರೂ ಒತ್ತುವರಿ."

ಅಳುತ್ತಿದ್ದ ಹೆಂಡತಿ ಫಕ್ಕನೆ ನಕ್ಕಳು. ಡಾಕ್ಟರು ನಗಲಿಲ್ಲ. ನಾನು ಬರೆದಿದ್ದರ ಕೆಳಗೆ ಸಹಿ ಹಾಕಿ ಪೆನ್ನು ನನ್ನ ಕೈಗಿಟ್ಟರು.

"ಒಪ್ಕೊಂಡೆ. ಆದ್ರೆ ಇನ್ನೊಂದ್ ಸಿಗರೇಟ್ ಹಚ್ಚಿದ್ರೆ, ಉಳಿದ ಜಮೀನೂ ನಂಗೇ ಬರ್ಕೊಟ್ಟಂಗೆ."