ಖಾಲಿ ಜಾಗದ ವೈರಿ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ರಾಯಚೂರಿನ ಅರ್ಧ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತಲೆ ಕೆಟ್ಟವರು ಆಗಾಗ ಸುಮ್ಮನಾದರೂ ಕೂಡುತ್ತಾರೆ! ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ನಮ್ಮ ಕಡೆ ಇದೆ. ಪುಣ್ಯಕ್ಕೆ ನಾನು ಹುಟ್ಟುವ ಹೊತ್ತಿಗೇ ಆತನಿಗೆ ಮೀಸೆ ಬಂದಿತ್ತು, ಬಚಾವಾದೆ. ಸಿಕ್ಕಿಬಿದ್ದವರು ನಮ್ಮ ಅತ್ತೆ.

ಮಾವನ ರೋಗ ಒಂದೇ. ಖಾಲಿ ಜಾಗ ಕಂಡರೆ ಆಗದು. ಆತ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು, ಪಿಎಚ್.ಡಿ.ಗೆ ಹಿಡಿದ ವಿಷಯವೂ ಅದೇ. ನಮ್ಮ ಮೊಬೈಲಿನ ಮಾತು, ಚಿತ್ರ ಎಲ್ಲ ಗಾಳಿಯಲ್ಲಿ ಅಲೆಗಳಾಗಿ ಹೋಗುತ್ತವಲ್ಲ, ಒಂದು ದೊಡ್ಡ ಅಲೆಯ ಬದಲು ನೂರಾರು ಸಣ್ಣ ಅಲೆಗಳನ್ನು ಒತ್ತೊತ್ತಾಗಿ ಕಳಿಸಿ, ಇದ್ದಷ್ಟೇ ಜಾಗದಲ್ಲಿ ಹೆಚ್ಚು ಮಾತು ತುಂಬುವುದು ಹೇಗೆ ಎಂಬುದು. ಇದನ್ನು ಆತ ನಮ್ಮ ಅಜ್ಜಿಗೆ, ಅಂದರೆ ತನ್ನ ತಾಯಿಗೆ, ತಿಳಿಸಿ ಹೇಳಲು ಕೂತಿದ್ದ.

"ಯವ್ವಾ, ಗಾಳ್ಯಾಗ ರಸ್ತಾ ಅದಾವ. ಹಿಂದಕ ಒಂದು ರಸ್ತಾಕ್ಕೂ ಇನ್ನೊಂದಕ್ಕೂ ನಡುವ ಖಾಲಿ ಬಿಡ್ತಿದ್ರು. ಆ ಖಾಲಿ ಜಾಗಾನ ನಾ ತುಂಬಾಕತ್ತೀನಿ."

ಅಜ್ಜಿ ಎಲೆ ಅಡಿಕೆ ಜಗಿಯುತ್ತ ಯೋಚಿಸಿದಳು. "ಭೂಮಿ ಒತ್ತುವರಿ ಮಾಡೋರನ್ನ ನೋಡೀನಿ. ನೀ ಗಾಳೀನೂ ಬಿಡವಲ್ಲೆಲ್ಲೋ ಯಪ್ಪಾ! ಸರ್ವೇದವರು ಬಂದ್ರ ಏನ್ ಹೇಳ್ತಿ?"

ಸಂಶೋಧನೆಯನ್ನು ಕಾಲೇಜಿನಲ್ಲೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಒಮ್ಮೆ ಪೋತ್ನಾಳದಿಂದ ಮಾನ್ವಿಗೆ ಟಂಟಂ ಆಟೋದಲ್ಲಿ ಹೊರಟಿದ್ದೆವು. ಡ್ರೈವರ್ ಒಂದು ಸೀಟಿಗೆ ಐವರನ್ನು ತುಂಬಿ ಸಾಕೆಂದ. ಮಾವನಿಗೆ ಅವಮಾನವಾಯಿತು! ಎಲ್ಲರನ್ನೂ ಇಳಿಸಿ, ಒಬ್ಬರ ಭುಜ ಮುಂದೆ, ಮತ್ತೊಬ್ಬರದು ಹಿಂದೆ ಮಾಡಿ ಎಂಟು ಜನರನ್ನು ಕೂಡಿಸಿದ. ಆಮೇಲೆ ಅಪ್ಪಣೆ ಮಾಡಿದ: "ಮಗ್ಗಲದವರು ಉಸಿರು ಬಿಟ್ಟಾಗ ನೀವು ಎಳಕೋರಿ. ಎಲ್ಲಾರೂ ಒಮ್ಮಿಗೇ ಉಬ್ಬಬ್ಯಾಡ್ರಿ!"

ನಂಬಿ, ಎರಡು ಮೈಲಿ ಹಾಗೇ ಹೋದೆವು. ಡ್ರೈವರ್ ಅಂತೂ "ಸರ್, ನೀವು ದಿನಾ ಬರ್ರಿ" ಎಂದು ಕೈಮುಗಿದ. ಅಷ್ಟರಲ್ಲಿ ನಡುವೆ ಕೂತಿದ್ದ ಹೆಂಗಸು ಸೀನಿದಳು. ಅಂಚಿನಲ್ಲಿದ್ದ ಹಿರಿಯರು ಎಲ್ಲಿ ಎಂದು ನೋಡಿದರೆ ಕಾಲುವೆಯ ಕೆಸರಿನಲ್ಲಿ! ಅವರು ಪಂಚೆ ಹಿಂಡುತ್ತ, "ಮಾಸ್ತರ, ನಿಮ್ಮ ಲೆಕ್ಕದಾಗ ಸೀನು ಹಿಡದಿಲ್ಲೇನ್ರೀ?" ಎಂದರು. ಮಾವ ಕೈಕೊಟ್ಟು ಎಬ್ಬಿಸುವ ಮೊದಲು ನೋಟ್‌ಬುಕ್ ತೆಗೆದು ಬರೆದುಕೊಂಡ: "ಹೊರಗಿನ ಗದ್ದಲ, ಉದಾಹರಣೆ ಸೀನು."

ದೇವದುರ್ಗದ ಮದುವೆಯಲ್ಲಿ ಪಂಕ್ತಿ ಹಾಕುವ ಕೆಲಸ ಇವನ ಕೈಗೆ ಕೊಟ್ಟ ಪುಣ್ಯಾತ್ಮರು ಯಾರೋ! ಎಲೆಗಳ ನಡುವಿನ ಜಾಗ ದಂಡ ಎಂದು ಒಂದರ ಅಂಚಿನ ಮೇಲೆ ಇನ್ನೊಂದನ್ನು ಏರಿಸಿ ಹಾಸಿದ. ಹುಗ್ಗಿ ಯಾರದು, ಎಣಗಾಯಿ ಯಾರದು ಎಂಬುದೇ ತಿಳಿಯದೆ, ಮುನಿಸಿಕೊಂಡು ಕೂತಿದ್ದ ಬೀಗರಿಬ್ಬರು ಒಂದೇ ಹುಗ್ಗಿಗೆ ಕೈ ಹಾಕಿದರು. ಜಗಳ ಹತ್ತುತ್ತದೆ ಅಂದುಕೊಂಡರೆ ಇಬ್ಬರೂ ನಕ್ಕುಬಿಟ್ಟರು! ಪ್ರಯೋಗ ಸೋತರೂ ಮದುವೆ ಗೆದ್ದಿತು.

ಮನೆಯಲ್ಲಿ ನಾಲ್ವರೂ ಒಟ್ಟಿಗೆ ಮಾತಾಡಬೇಕು, ಒಬ್ಬೊಬ್ಬರದು ಒಂದೊಂದು ಶ್ರುತಿ, ತಾನು ಎಲ್ಲವನ್ನೂ ಬೇರ್ಪಡಿಸಿ ಕೇಳುತ್ತೇನೆ ಎಂದು ಹಟ. ಸಂತೆಯಿಂದ ಏನೇನು ಬೇಕೆಂದು ನಾವು ಒಟ್ಟಿಗೇ ಒದರಿದೆವು. ಸಂತೆಗೆ ಹೋಗಿ ಮೂವರು ಹೇಳಿದ್ದನ್ನು ತಪ್ಪದೇ ತಂದ. ಅತ್ತೆ ಹೇಳಿದ ಉಳ್ಳಾಗಡ್ಡಿ ಮಾತ್ರ ಇಲ್ಲ. "ನಿಮ್ಮ ವಿದ್ಯಾ ಭಾಳ ಛಲೋ ಅದ. ನನ್ನ ದನಿ ಬಂದಾಗಷ್ಟ ಟವರ್ ಹೋಗ್ತದ!" ಎಂದು ಅತ್ತೆ ಚೀಲ ಕೊಡವಿದರು.

ಹೀಗೆ ನಗುತ್ತಲೇ ವರ್ಷಗಳು ಕಳೆದವು. ಆದರೆ ಪ್ರಬಂಧ ಎರಡು ಸಲ ತಿರುಗಿ ಬಂದಾಗ ಮಾವನ ಮುಖ ನೋಡಲಾಗುತ್ತಿರಲಿಲ್ಲ. ಮೂರನೆಯ ಸಲ ದಾಟಿ, ಕೊನೆಯ ಮೌಖಿಕ ಪರೀಕ್ಷೆಗೆ ಬಂತು. ಅವತ್ತು ತಪ್ಪಿದರೆ ನೋಂದಣಿಯೇ ರದ್ದು. ಸಮಯ ಇಪ್ಪತ್ತು ನಿಮಿಷ. ಆತ ಕೆಮ್ಮಿಗೂ ಸೆಕೆಂಡು ಲೆಕ್ಕ ಹಾಕಿ ಅಭ್ಯಾಸ ಮಾಡಿದ್ದ. "ನನ್ನ ಮಗ ಏನ್ ಕಲ್ತಾನ ನೋಡಬೇಕು" ಎಂದು ಅಜ್ಜಿಯೂ ಬಂದಳು.

ಬಂದವಳು ಕಟ್ಟಕಡೆಯ ಸಾಲಿನ ಮೂಲೆ ಹಿಡಿದಳು. ಮುಂದೆ ಕೂತಿದ್ದ ಪರೀಕ್ಷಕರೊಬ್ಬರನ್ನು ಬಿಟ್ಟರೆ ಸಾಲುಗಳೆಲ್ಲ ಖಾಲಿ. ನಾನು ಕರೆದರೆ, "ಇರ್ಲಿ ಬಿಡವ್ವಾ, ದೊಡ್ಡೋರು ಕುಂತಾರ" ಎಂದಳು. ನಾವು ಹಿರೇಕೊಟ್ನೆಕಲ್ಲಿನ ಊರ ಹೊರಗಿನ ಕೇರಿಯವರು. ಜೀವನವಿಡೀ ಬೇರೆಯವರ ಗದ್ದೆಯಲ್ಲಿ ಭತ್ತ ನಾಟಿ ಮಾಡಿದ ಅಜ್ಜಿ, ಕೂಲಿಯನ್ನೂ ಚಹಾವನ್ನೂ ದೂರ ನಿಂತೇ ಇಸಿದುಕೊಂಡವಳು. ಎಷ್ಟು ದೂರ ಎಂಬುದು ಅವಳ ಕಾಲಿಗೆ ಗೊತ್ತಿತ್ತು.

ಮಾವ ಶುರು ಮಾಡಿದ. "ಹಳೆಯ ಪದ್ಧತಿಯಲ್ಲಿ ಒಂದಕ್ಕೊಂದು ತಾಗಬಾರದೆಂದು ನಡುವೆ ಜಾಗ ಬಿಡುತ್ತಿದ್ದರು..." ಎನ್ನುತ್ತ ಹಿಂದಿನ ಸಾಲು ನೋಡಿದವನು ನಿಂತುಬಿಟ್ಟ. "ಮುಂದುವರಿಸಿ" ಎಂದರು ಪರೀಕ್ಷಕರು. ಈತ ವೇದಿಕೆ ಇಳಿದು ನೇರ ಹಿಂದೆ ಹೋದ.

"ಯವ್ವಾ, ಏಳು."

"ಯಾಕೋ ಯಪ್ಪಾ, ನಂದೇನರ ತಪ್ಪಾತೇನು?"

"ಇಲ್ಲ. ಮುಂದ ಬಾ."

ಕೈಹಿಡಿದು ಕರೆತಂದು, ಪರೀಕ್ಷಕರ ಪಕ್ಕದ ಕುರ್ಚಿಯ ಮುಂದೆ ನಿಲ್ಲಿಸಿದ. ಅವರು ಕುರ್ಚಿಯ ಮೇಲಿದ್ದ ತಮ್ಮ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು "ಕೂಡಮ್ಮಾ" ಎಂದರು. ಅಜ್ಜಿಯ ನಡಿಗೆಗೆ ನಾಲ್ಕು ನಿಮಿಷ ಹೋಯಿತು. ಕೆಮ್ಮಿಗೂ ಲೆಕ್ಕ ಇಟ್ಟವನು ಗಡಿಯಾರದ ಕಡೆ ನೋಡಲೇ ಇಲ್ಲ. ಕೊನೆಯ ಫಲಿತಾಂಶಗಳನ್ನು ತೋರಿಸುವ ಮೊದಲೇ ಗಂಟೆ ಹೊಡೆಯಿತು.

ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು. "ನಡುವಿನ ಜಾಗ ತೆಗೆದರೆ ಅವು ಒಂದನ್ನೊಂದು ಕೆಡಿಸುವುದಿಲ್ಲವೇ?"

ಅದಕ್ಕೆ ಆತನ ಬಳಿ ಎರಡು ಪುಟದ ಸಮೀಕರಣವಿತ್ತು. ಆದರೆ ಆತ ತಾಯಿಯನ್ನೇ ನೋಡುತ್ತ, "ಇಲ್ಲ ಸರ್. ಸರಿಯಾಗಿ ಜೋಡಿಸಿದರೆ ಯಾವುದೂ ಕೆಡುವುದಿಲ್ಲ" ಎಂದ. ಪರೀಕ್ಷಕರು ತೊಡೆಯ ಮೇಲಿನ ಬ್ಯಾಗಿನಿಂದ ಪೆನ್ನು ತೆಗೆದು ಸಹಿ ಹಾಕಿದರು.

ನಾನು ಅಳುತ್ತಲೇ ಓಡಿಹೋಗಿ ಅಜ್ಜಿಯನ್ನು ತಬ್ಬಿಕೊಂಡೆ. "ಅಜ್ಜೀ, ಮಾಮಾ ಡಾಕ್ಟರ್ ಆದ!"

ಅಜ್ಜಿ ಪಕ್ಕದ ಕುರ್ಚಿಯ ಕಡೆ ಕಣ್ಣು ತೋರಿಸಿ ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದಳು: "ಅದಿರ್ಲಿ. ಅಷ್ಟು ಹೊತ್ತು ಆ ಸಾಹೇಬ್ರು ನನ್ನ ಮಗ್ಗಲದಿಂದ ಎದ್ದು ಹೋಗಲಿಲ್ಲ ನೋಡು!"